ತಲೆ ತಿರುಗಿಸಿದರೆ ಟಾರ್ಚಿನ ಬೆಳಕು ಬದಲಾಗುವುದು ಹೇಗೆ?

[ಮೇಜಿನ ಮೇಲೆ ಕಪ್ಪು ಅಲ್ಯೂಮಿನಿಯಂ ಟಾರ್ಚ್. ಹೊರಗೆ ಮಳೆಯ ಸದ್ದು.]

ನಮಸ್ಕಾರ. ಉಡುಪಿಯಲ್ಲಿ ಆಟಿ ತಿಂಗಳ ಮಳೆ ಹಿಡಿದರೆ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಹಾಗಾಗಿ ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಈ ಟಾರ್ಚ್ ಸದಾ ತೂಗುತ್ತಿರುತ್ತದೆ. ಹಿಂಬದಿಯ ಗುಂಡಿ ಒತ್ತಿದರೆ ಇದು ಹೊತ್ತಿಕೊಳ್ಳುತ್ತದೆ. ತಲೆಯನ್ನು ಬಿಗಿದರೆ ಬೆಳಕು ಪ್ರಖರವಾಗುತ್ತದೆ, ಕಾಲು ಸುತ್ತು ಸಡಿಲಿಸಿದರೆ ಮಂದವಾಗುತ್ತದೆ. ಕಳೆದ ಮಳೆಗಾಲದಲ್ಲಿ ಮಾತ್ರ, ತಲೆಯನ್ನು ಎಷ್ಟು ಬಿಗಿದರೂ ಬೆಳಕು ತಾನಾಗಿಯೇ ಮಂದಕ್ಕೆ ಇಳಿಯತೊಡಗಿತು. ಎಲ್‌ಇಡಿ ಕೆಟ್ಟಿರಬೇಕೆಂದು ನಾನು ಭಾವಿಸಿದ್ದೆ. ಎಲ್‌ಇಡಿಗೆ ಏನೂ ಆಗಿರಲಿಲ್ಲ.

[ಕತ್ತಲಲ್ಲಿ ತಲೆಯನ್ನು ನಿಧಾನವಾಗಿ ತಿರುಗಿಸುವ ದೃಶ್ಯ.]

ಇದನ್ನು ಗಮನವಿಟ್ಟು ನೋಡಿ. ನಲ್ಲಿಯನ್ನು ತಿರುಗಿಸಿದಾಗ ನೀರು ಸ್ವಲ್ಪಸ್ವಲ್ಪವಾಗಿ ಹೆಚ್ಚುವಂತೆ ಇಲ್ಲಿ ಬೆಳಕು ಹೆಚ್ಚುವುದಿಲ್ಲ. ತಿರುಗಿಸುತ್ತಾ ಹೋದಷ್ಟು ಹೊತ್ತೂ ಮಂದವಾಗಿಯೇ ಇದ್ದು, ಒಂದು ಕಡೆ ಬಂದಾಗ ಥಟ್ಟನೆ ಪ್ರಖರವಾಗುತ್ತದೆ. ಒಳಗೆ ಎರಡು ಲೋಹಗಳು ಒಂದನ್ನೊಂದು ಮುಟ್ಟುವ ಗಳಿಗೆ ಅದೇ.

[ತಲೆಯನ್ನು ಬಿಚ್ಚಿ, ಕೊಳವೆಯ ಬಾಯಿಯನ್ನು ಹತ್ತಿರದಿಂದ ತೋರಿಸುವುದು.]

ಇದರೊಳಗಿರುವುದು ಡಬಲ್ ಎ ಅಳತೆಯ, ಅಂಗಡಿಯವರು ಪೆನ್ಸಿಲ್ ಸೆಲ್ ಎನ್ನುವ ಒಂದೇ ಸೆಲ್. ಅದರ ಧನ ತುದಿ ತಲೆಯೊಳಗಿನ ಸರ್ಕಿಟ್ ಬೋರ್ಡಿನ ನಡುವನ್ನು ಮುಟ್ಟುತ್ತದೆ. ಋಣ ತುದಿಯಿಂದ ಸ್ಪ್ರಿಂಗ್ ಮತ್ತು ಗುಂಡಿಯ ಮೂಲಕ ಟಾರ್ಚಿನ ಕೊಳವೆಗೆ, ಕೊಳವೆಯಿಂದ ತಲೆಗೆ ಸಂಪರ್ಕವಿದೆ. ಅಂದರೆ ನಾವು ಕೈಯಲ್ಲಿ ಹಿಡಿಯುವ ಕೊಳವೆಯೇ ಇಲ್ಲಿ ತಂತಿಯ ಕೆಲಸ ಮಾಡುತ್ತದೆ. ಹೊರಮೈಯ ಕಪ್ಪು ಬಣ್ಣ ಬಳಿದದ್ದಲ್ಲ, ದ್ರಾವಣದಲ್ಲಿ ಲೋಹಕ್ಕೆ ವಿದ್ಯುತ್ ಹಾಯಿಸುವ ಅನೋಡೈಸಿಂಗ್‌ನಿಂದ ಮೂಡಿ, ಕಪ್ಪು ಬಣ್ಣ ಹೀರಿಕೊಂಡ ಅಲ್ಯೂಮಿನಿಯಂ ಆಕ್ಸೈಡಿನ ಪದರ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ವಿದ್ಯುತ್ ಹರಿಯುವ ದಾರಿ ಇದ್ದರೆ ಸದ್ದು ಮಾಡುವ ಮಲ್ಟಿಮೀಟರಿನ ಕಡ್ಡಿಗಳನ್ನು ಕಪ್ಪು ಮೈಗೆ ಇಟ್ಟರೆ ಸದ್ದಿಲ್ಲ. ಬಾಯಿಯ ಬೆಳ್ಳನೆಯ ಅಂಚಿಗೆ ಇಟ್ಟೊಡನೆ ಬೀಪ್ ಕೇಳಿಸುತ್ತದೆ.

ಈ ಮಾದರಿಯಲ್ಲಿ ತಲೆಯ ಕಡೆಯ ಥ್ರೆಡ್ಡುಗಳಿಗೂ ಕಪ್ಪು ಪದರವಿಲ್ಲದ ಕಾರಣ, ತಲೆ ಸಡಿಲವಾಗಿದ್ದಾಗಲೂ ಅವುಗಳ ಮೂಲಕ ಕರೆಂಟ್ ಹರಿದು ಮಂದ ಬೆಳಕು ಉಳಿಯುತ್ತದೆ. ಬಿಗಿದಾಗ ಕೊಳವೆಯ ಅಂಚು ಬೋರ್ಡಿನ ಮೇಲಿನ ಈ ತೆಳು ಉಂಗುರವನ್ನು ಮುಟ್ಟುತ್ತದೆ. ಬೋರ್ಡಿನಲ್ಲಿರುವ ಚಿಪ್‌ಗೆ ಆ ಸ್ಪರ್ಶವೊಂದು ಸೂಚನೆ ಮಾತ್ರ. ಸೂಚನೆ ಸಿಕ್ಕೊಡನೆ ಅದು ಎಲ್‌ಇಡಿಗೆ ಹೆಚ್ಚು ಕರೆಂಟ್ ಬಿಡುತ್ತದೆ. ಈ ಜಾಣತನ ನನಗೆ ಬಹಳ ಮೆಚ್ಚುಗೆಯಾದದ್ದು. ಬೇರೆ ಕೆಲವು ಟಾರ್ಚುಗಳಲ್ಲಿ ಅರ್ಧ ತಿರುಗಿಸಿದಾಗ ಕರೆಂಟ್, ಅದರ ಹರಿವನ್ನು ತಡೆಯುವ ರೆಸಿಸ್ಟರಿನ ಮೂಲಕವೂ ಪೂರ್ತಿ ತಿರುಗಿಸಿದಾಗ ಅದನ್ನು ಬಿಟ್ಟು ನೇರವಾಗಿಯೂ ಹರಿಯುತ್ತದೆ. ಅದು ಸರಳವೇ ಹೌದು, ಆದರೆ ಮಂದ ಬೆಳಕಿನಲ್ಲಿ ಸೆಲ್ಲಿನ ಶಕ್ತಿಯ ಒಂದು ಪಾಲು ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುತ್ತದೆ.

[ಮಸುಕಾದ ಅಂಚು, ಹತ್ತಿರದಿಂದ.]

ನನ್ನ ಟಾರ್ಚಿನ ತೊಂದರೆ ಇಲ್ಲಿತ್ತು. ಮಲ್ಪೆ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿದೆ, ಉಪ್ಪು ತೇವವನ್ನು ಹೀರಿ ಹಿಡಿದಿಡುತ್ತದೆ, ಆ ತೇವದಲ್ಲಿ ಅಲ್ಯೂಮಿನಿಯಂ ಬೇರೆ ಲೋಹವನ್ನು ಮುಟ್ಟಿಕೊಂಡಿದ್ದರೆ ಬೇಗನೆ ಸವೆಯುತ್ತದೆ. ಅಂಚಿನ ಮೇಲೆ ಬೂದು ಪದರ ಕಟ್ಟಿದ್ದರಿಂದ ಲೋಹ ಉಂಗುರಕ್ಕೆ ತಾಗಿದಂತೆ ಕಂಡರೂ ವಿದ್ಯುತ್ತಿನ ಮಟ್ಟಿಗೆ ತಾಗಿರಲಿಲ್ಲ. ಚಿಪ್ ಅದನ್ನು ಸಡಿಲವೆಂದೇ ತಿಳಿದು ಬೆಳಕನ್ನು ಇಳಿಸುತ್ತಿತ್ತು. ಥ್ರೆಡ್ಡಿನಲ್ಲಿ ಕೊಳೆ ಕೂತರೂ ನಷ್ಟವಿದೆ: ಅಲ್ಲಿ ಕೇವಲ 0.1 ಓಮ್ ತಡೆ ಹುಟ್ಟಿದರೂ 2 ಆಂಪಿಯರ್ ಹರಿಯುವಾಗ 0.2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಅಂದರೆ ರೀಚಾರ್ಜ್ ಸೆಲ್ಲಿನ 1.2 ವೋಲ್ಟಿನಲ್ಲಿ ಆರನೆಯ ಒಂದು ಪಾಲು.

[ಹತ್ತಿಬಟ್ಟೆಯಿಂದ ಒರೆಸುವ ದೃಶ್ಯ.]

ಸೆಲ್ ತೆಗೆದು, ಹತ್ತಿಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಅಂಚು, ಉಂಗುರ, ಥ್ರೆಡ್ಡುಗಳನ್ನು ಒರೆಸಿ. ಬಟ್ಟೆ ಕಪ್ಪಾಗುವುದನ್ನು ನೀವೇ ನೋಡಬಹುದು. ಆಮೇಲೆ ಥ್ರೆಡ್ಡಿಗೆ ಮಾತ್ರ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ; ನಮ್ಮ ಅಡುಗೆಮನೆಯ ತೆಂಗಿನೆಣ್ಣೆ ಇದಕ್ಕೆ ಬೇಡ. ಉಪ್ಪುಕಾಗದವನ್ನೂ ಮುಟ್ಟಬೇಡಿ. ಬಾಲದ ಕಡೆಯ ಕಪ್ಪು ಥ್ರೆಡ್ಡಿನ ಪದರ ಉಜ್ಜಿಹೋದರೆ, ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಟ್ಟರೂ ಕರೆಂಟ್ ಹರಿಯುತ್ತದೆ. ಚೀಲದೊಳಗೆ ಗುಂಡಿ ಒತ್ತಿಹೋದಾಗ ಟಾರ್ಚ್ ಸುಮ್ಮನೆ ಉರಿದು ಸೆಲ್ ಖಾಲಿಯಾಗುತ್ತದೆ.