ಯಾರೂ ಮಾಡದ ಉದ್ರಿಗೆ ವಸೂಲಿ

ದಸರಾ ಸಂಜೆ ನಮ್ಮ ಕಲಬುರಗಿಯಲ್ಲಿ ಬನ್ನಿ ಕೊಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಬನ್ನಿ ತಗೊಂಡು ಬಂಗಾರದಂಗ ಇರೋಣ." 2025ರಲ್ಲಿ ಮಾತ್ರ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು. "ಪಿಕ್ಚರ್ ನೋಡಿದಿ? ಹ್ಯಾಂಗದ?" ಅವತ್ತು ಅಕ್ಟೋಬರ್ 2. 'ಕಾಂತಾರ: ಚಾಪ್ಟರ್ 1' ಬಿಡುಗಡೆಯಾದ ದಿನವೇ ದಸರಾ.

ನನ್ನ ಕಾಕಾನ ಮಗ ಬೆಳಗಿನ ಶೋ ನೋಡಿ ಬಂದಿದ್ದ. ಕೈಗೆ ಬನ್ನಿ ಇಟ್ಟ. ಮುಖ ಮಾತ್ರ ಪರೀಕ್ಷೆ ಫೇಲಾದವನ ಥರ. "ಛಲೋ ಅದ. ಆದ್ರ ನಾ ಅಂದ್ಕೊಂಡಂಗ ಇಲ್ಲ" ಅಂದ.

ಈ "ನಾ ಅಂದ್ಕೊಂಡಂಗ" ಇದೆಯಲ್ಲ, ನನ್ನ ಜಗಳ ಅದರ ಜೊತೆ.

2022ರ ಸೆಪ್ಟೆಂಬರ್ 30ಕ್ಕೆ ಮೊದಲ 'ಕಾಂತಾರ' ಬಂದಾಗ ಇವನು ಏನೂ ಅಂದುಕೊಂಡಿರಲಿಲ್ಲ. ಭೂತಕೋಲ, ಕಂಬಳ ಎಲ್ಲ ಕರಾವಳಿಯದು. ನಾವು ತೊಗರಿ ಬೆಳೆಯುವವರು, ಪಂಜುರ್ಲಿ ದೈವ ನಮಗೇನು ಗೊತ್ತು? ಯಾರೋ ಹೇಳಿದರು, ಹೋದ, ಹುಚ್ಚು ಹಿಡಿಸಿಕೊಂಡು ಬಂದ. ಆ ಸಿನಿಮಾದ ಕೊನೆಗೆ ಹೀರೋ ಶಿವ ಕಾಡಿನಲ್ಲಿ ಮರೆಯಾಗುತ್ತಾನೆ, ಆಮೇಲೆ ಅವನ ಪುಟ್ಟ ಮಗ ಅಪ್ಪನ ಬಗ್ಗೆ ಕೇಳುತ್ತಾನೆ. ಅಷ್ಟೇ ಸಾಕಾಯಿತು. ಮೂರು ವರ್ಷ ಚಹಾದಂಗಡಿಯಲ್ಲಿ ಕೂತು ಆ ಮಗನನ್ನು ಇವನೂ ಇವನ ಗೆಳೆಯರೂ ಸೇರಿ ದೊಡ್ಡವನನ್ನಾಗಿ ಮಾಡಿದರು. ಅವನು ಅಪ್ಪನನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾನಂತೆ, ಫೈಟ್ ಎಲ್ಲಿ ಬರುತ್ತದಂತೆ, ಎಲ್ಲಾ ತಯಾರು.

ತಮಾಷೆ ಏನಂದ್ರೆ, ಮುಂದೆ ಬರೋದು ಹಿಂದಿನ ಕಥೆ ಅಂತ ನಿರ್ದೇಶಕ ರಿಷಬ್ ಶೆಟ್ಟಿ 2023ರಲ್ಲೇ ಹೇಳಿಬಿಟ್ಟಿದ್ದರು. ನೀವು ನೋಡಿದ್ದೇ ಎರಡನೇ ಭಾಗ, ಮೊದಲನೆಯದು ಇನ್ನು ಬರಬೇಕು ಅಂತ. ಹೆಸರಲ್ಲೇ 'ಚಾಪ್ಟರ್ 1' ಅಂತ ಇತ್ತು. ಅದು ಕದಂಬರ ಕಾಲಕ್ಕೆ ಹೋಗುತ್ತದೆ ಅಂತಲೂ ಗೊತ್ತಿತ್ತು. ಆದರೂ ನಮ್ಮವನು ಥಿಯೇಟರ್‌ನಲ್ಲಿ ಆ ಮಗನನ್ನೇ ಕಾಯುತ್ತಾ ಕೂತಿದ್ದ!

ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಯುತ್ತಾರಲ್ಲ, ಹಾಗೆ ಒಂದು ಲೆಕ್ಕ ಹಾಕಿ ನೋಡಿ. 'ಬಾಹುಬಲಿ' ಮೊದಲ ಭಾಗ 2015ರಲ್ಲಿ ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ ಹೇಳದೆ ಮುಗಿಯಿತು. ಅದು ಅವರೇ ಬರೆದ ಉದ್ರಿ, 2017ರಲ್ಲಿ ತೀರಿಸಿದರು. 'ಕೆಜಿಎಫ್' 2018ರ ಡಿಸೆಂಬರ್‌ನಲ್ಲಿ ರಾಕಿಯ ಕಥೆಯನ್ನು ನಡುವೆಯೇ ನಿಲ್ಲಿಸಿತು. ಎರಡನೆಯದಕ್ಕೆ 2020ರ ಅಕ್ಟೋಬರ್ ಅಂದರು, ಕೊರೊನಾ ಬಂತು. 2021ರ ಜುಲೈ ಅಂದರು, ಅದೂ ಹೋಯಿತು. ಕೊನೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಯ ದಿನ. ನಮ್ಮೂರ ಬಿಸಿಲು ನಿಮಗೆ ಗೊತ್ತು. ಆ ಬಿಸಿಲಲ್ಲಿ ಹುಡುಗರು ಸಾಲು ನಿಂತರು, ಯಾರಿಗೂ ಬೇಜಾರಿಲ್ಲ. ಬಾಕಿ ಇತ್ತು, ಕೇಳಲು ಹೋದರು. ಅದರ ಕೊನೆಗೆ ಮೂರನೇ ಅಧ್ಯಾಯದ ಕಡತ ತೋರಿಸಿ ಕಳಿಸಿದ್ದಾರೆ. ಅದನ್ನೂ ಕೇಳಬಹುದು, ತಪ್ಪಿಲ್ಲ.

'ಮುಂಗಾರು ಮಳೆ' ಯಾರಿಗೆ ಏನು ಬಾಕಿ ಇಟ್ಟಿತ್ತು ಹೇಳಿ? ಆ ಕಥೆ 2006ರಲ್ಲೇ ಮುಗಿದಿತ್ತು. ಹತ್ತು ವರ್ಷದ ಮೇಲೆ 'ಮುಂಗಾರು ಮಳೆ 2' ಬಂತು. ಯೋಗರಾಜ್ ಭಟ್ಟರ ಜಾಗದಲ್ಲಿ ಶಶಾಂಕ್ ನಿರ್ದೇಶಕರು, ಹೀರೋ ಮಾತ್ರ ಅದೇ ಗಣೇಶ್. ಜನ ಹಳೆ ಮಳೆಯಲ್ಲೇ ನೆನೆಯಬೇಕು ಅಂತ ಹೋದರು. ಅಲ್ಲಿ ತಪ್ಪು ನಮ್ಮದು ಮಾತ್ರ ಅಲ್ಲ. ಆ ಹೆಸರು ಇಟ್ಟವರದೂ ಇದೆ.

'ಕಾಂತಾರ' ವಿಷಯದಲ್ಲಿ ನಾನು ನಿರ್ಮಾಪಕರ ಕಡೆ. ಉದ್ರಿ ಮಾಡದವರ ಹತ್ತಿರ ವಸೂಲಿಗೆ ಹೋಗಬಾರದು. ಹಾಗಂತ ಸಿನಿಮಾ ಬೈಯಬೇಡಿ ಅನ್ನುತ್ತಿಲ್ಲ. ಮೊದಲರ್ಧ ಎಳೆದಿದ್ದಾರೆ ಅನ್ನಿ, ಒಪ್ಪುತ್ತೇನೆ, ನನಗೂ ಹಾಗೇ ಅನ್ನಿಸಿತು. ಟಿಕೆಟ್ ದುಬಾರಿ ಅನ್ನಿ, ಇನ್ನೂ ಜೋರಾಗಿ ಅನ್ನಿ. 200 ರೂಪಾಯಿ ಮಿತಿ ಅಂತ ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಜಾಸ್ತಿ ದುಡ್ಡು ಕೊಟ್ಟವನು ಜಾಸ್ತಿ ಕೇಳುತ್ತಾನೆ, ಸಹಜ. ಆದರೆ ನೀವು ನೋಡಿದ ಸಿನಿಮಾ ಬೈಯಿರಿ. ನಿಮ್ಮ ತಲೆಯೊಳಗೆ ಓಡಿದ ಸಿನಿಮಾ ತೆರೆ ಮೇಲೆ ಬರಲಿಲ್ಲ ಅಂತ ಬೈದರೆ ಹೇಗೆ?

ಮುಂದಿನ ಭಾನುವಾರ ನಾನು, ಅವನು ಮತ್ತೆ ಹೋದೆವು. ಜೇವರ್ಗಿ ಕಡೆಯ ನಮ್ಮ ಮಾಮಾ ಊರಿಂದ ಬಂದಿದ್ದರು, ಕರೆದುಕೊಂಡು ಹೋದೆವು. ಆ ಸಲ ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿದ್ದು ನೆನಪಿದೆಯಲ್ಲ? ಅವರ ತೊಗರಿ ಹೊಲದಲ್ಲಿ ಇನ್ನೂ ನೀರು ನಿಂತಿತ್ತು. ಮನೆಯಲ್ಲಿ ಸುಮ್ನೆ ಕೂತಿದ್ದರು, ಅದಕ್ಕೇ ಎಬ್ಬಿಸಿದ್ದು. ಮೊದಲ 'ಕಾಂತಾರ' ಅವರು ನೋಡೇ ಇರಲಿಲ್ಲ. ಗುಳಿಗ ದೈವ ಬಂದಾಗ ಸೀಟಿನ ತುದಿಗೆ ಬಂದು ಕೂತರು. ಇಂಟರ್ವಲ್‌ನಲ್ಲಿ ಹೊರಗೂ ಬರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಮಿರ್ಚಿ ಭಜಿ ತಿನ್ನುತ್ತಾ ಅಂದರು, "ಅಷ್ಟೊತ್ತು ಹೊಲ ನೆನಪಾಗ್ಲಿಲ್ಲ ನೋಡ್ರಿ."

ನಮ್ಮವನು ಬಿಡಬೇಕಲ್ಲ. "ಅದು ಖರೇ ಮಾಮಾ. ಆದ್ರ ಆ ಮಗಂದೇನಾಯ್ತು ಅಂತ ತೋರಿಸಲೇ ಇಲ್ಲಲ್ರಿ?"

ಮಾಮಾ ಭಜಿ ಕೈಯಲ್ಲಿ ಹಿಡಿದು ಅವನ ಮುಖ ನೋಡಿದರು.

"ಯಾವ ಮಗ?"