ಲಕ್ವ ಹೊಡೆದ ಮೇಲೆ ಅಂಗವೈಕಲ್ಯ ಸರ್ಟಿಫಿಕೇಟ್ ರಿಜೆಕ್ಟ್ ಆಯ್ತಾ? ಮೇಲ್ಮನವಿ ಹಾಕೋ ಮೊದಲು ಇದನ್ನ ನೋಡಿ

ನಮಸ್ಕಾರ. ಹಂಚಿನ ಮೇಲೆ ಮಳೆ ಬೀಳೋ ಸದ್ದು ಕೇಳಿಸ್ತಾ ಇರಬಹುದು, ಅದನ್ನ ಎಡಿಟ್‌ನಲ್ಲಿ ತೆಗೆಯೋಕೆ ಹೋಗಿಲ್ಲ. ಜುಲೈ ತಿಂಗಳಲ್ಲಿ ಮಲೆನಾಡಲ್ಲಿ ಕೂತು ರೆಕಾರ್ಡ್ ಮಾಡಿದ್ರೆ ಇದು ಇದ್ದಿದ್ದೇ.

ಪರದೆ ಮೇಲೆ ಕಾಣ್ತಿರೋದು ಒಂದು ತಿರಸ್ಕಾರ ಪತ್ರದ ನಮೂನೆ. ಮೇಲಿನ ಅಕ್ಷರಗಳನ್ನ ಬಿಡಿ, ಕೆಳಗೆ 'ಕಾರಣ' ಅಂತ ಇದ್ಯಲ್ಲ, ಆ ಒಂದು ಸಾಲು ನೋಡಿ. ನಿಮ್ಮ ಮೇಲ್ಮನವಿ ಪೂರ್ತಿ ನಿಂತಿರೋದು ಆ ಸಾಲಿನ ಮೇಲೆ. ಹೆಚ್ಚಿನವರು ಅದನ್ನ ಓದೋದೇ ಇಲ್ಲ. 'ಮನೆಯಲ್ಲಿ ದುಡಿಯೋರು ಯಾರೂ ಇಲ್ಲ, ದಯಮಾಡಿ ಪರಿಗಣಿಸಿ' ಅಂತ ಮೂರು ಪುಟ ಬರೆದು ತಂದುಕೊಡ್ತಾರೆ. ಮಾತು ನಿಜಾನೇ ಇರುತ್ತೆ, ಆದರೆ ಆ ಸಾಲಿಗೆ ಅದು ಉತ್ತರ ಅಲ್ಲ. ಫೈಲು ಮತ್ತೆ ಅಲ್ಲೇ ಬಂದು ನಿಲ್ಲುತ್ತೆ.

ಮೊದಲು ಯಾವ ಕಚೇರಿ ಬೇಡ ಅಂದಿದೆ ಅಂತ ತಿಳ್ಕೊಳ್ಳಿ. ಇಲ್ಲಿ ಎರಡು ಬೇರೆ ಬೇರೆ ಬಾಗಿಲು ಇವೆ. ಒಂದು ವೈದ್ಯಕೀಯ ಮಂಡಳಿ, ಅಂದ್ರೆ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ವೈಕಲ್ಯದ ಪರ್ಸೆಂಟೇಜು ಕೊಡೋರು. ಇನ್ನೊಂದು ಕಂದಾಯ ಇಲಾಖೆ, ಅಂದ್ರೆ ನಾಡಕಚೇರಿಯಲ್ಲಿ ಅರ್ಜಿ ತಗೊಂಡು ತಹಶೀಲ್ದಾರರ ಸಹಿಯಲ್ಲಿ ವಿಕಲಚೇತನರ ಮಾಸಾಶನ ಮಂಜೂರು ಮಾಡೋರು. ಮಂಡಳಿ ಕೊಟ್ಟ ಪರ್ಸೆಂಟೇಜ್ ಬದಲಾಯಿಸೋ ಅಧಿಕಾರ ತಹಶೀಲ್ದಾರರಿಗೆ ಇಲ್ಲ. ನಿಮ್ಮ ಆದಾಯದ ಲೆಕ್ಕ ಡಾಕ್ಟರಿಗೆ ಬೇಕಿಲ್ಲ. ಡಾಕ್ಟರ ಮೇಲಿನ ದೂರನ್ನ ತಾಲ್ಲೂಕು ಕಚೇರಿಗೆ ಕೊಟ್ಟು ತಿಂಗಳುಗಟ್ಟಲೆ ಕಾಯೋರು ಸೊರಬದಲ್ಲೂ ಇದ್ದಾರೆ, ತೀರ್ಥಹಳ್ಳಿಯಲ್ಲೂ ಇದ್ದಾರೆ.

ವೈದ್ಯಕೀಯ ಮಂಡಳಿ ವಿಷಯ ಮೊದಲು ನೋಡೋಣ, ಕಷ್ಟ ಇರೋದು ಅಲ್ಲೇ.

ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಅದರಲ್ಲಿ 21 ಬಗೆಯ ವೈಕಲ್ಯದ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಪಾರ್ಶ್ವವಾಯು ಅನ್ನೋ ಹೆಸರೇ ಇಲ್ಲ! ಹಾಗಂತ ಲೆಕ್ಕಕ್ಕಿಲ್ಲ ಅಂತಲ್ಲ. ಮಂಡಳಿ ಅಳೆಯೋದು ಕಾಯಿಲೆಯನ್ನಲ್ಲ, ಕಾಯಿಲೆ ಬಿಟ್ಟುಹೋದ ಊನವನ್ನ. ಕೈಕಾಲಿನ ಸ್ವಾಧೀನ ಹೋಗಿದ್ರೆ ಅದು ಚಲನ ವೈಕಲ್ಯದ ಅಡಿ ಬರುತ್ತೆ. ಮಾತು ಹೋಗಿದ್ರೆ, ಅಂದ್ರೆ ಅಫೇಸಿಯಾ ಇದ್ರೆ, ಮಾತು ಮತ್ತು ಭಾಷೆಯ ವೈಕಲ್ಯ. ಅಫೇಸಿಯಾ ಹೆಸರು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಒಂದು ಬದಿಯ ದೃಷ್ಟಿ ಕತ್ತರಿಸಿದ ಹಾಗೆ ಹೋಗಿದ್ರೆ ಕಣ್ಣಿನ ವಿಭಾಗದಲ್ಲಿ ದೃಷ್ಟಿಯ ವ್ಯಾಪ್ತಿ ಅಳೆಯೋ ಪೆರಿಮೆಟ್ರಿ ಪರೀಕ್ಷೆ ಮಾಡಿಸಬೇಕು. ನೆನಪು, ಗಮನ, ಸಿಟ್ಟು ಹತೋಟಿ ತಪ್ಪಿದ್ರೆ ಅದರ ಪರೀಕ್ಷೆ ಮತ್ತೆ ಬೇರೆ.

ಅರ್ಜಿ ಹಾಕುವಾಗ ಸೈಬರ್ ಸೆಂಟರಿನವರು ಸಾಮಾನ್ಯವಾಗಿ ಚಲನ ವೈಕಲ್ಯ ಒಂದನ್ನೇ ಟಿಕ್ ಮಾಡಿರ್ತಾರೆ. ಮೂಳೆ ಡಾಕ್ಟರು ಕೈಕಾಲು ಮಾತ್ರ ನೋಡ್ತಾರೆ, 'ನಡೀತಾರೆ, 25 ಪರ್ಸೆಂಟ್' ಅಂತ ಬರೀತಾರೆ. ಅಲ್ಲಿಗೆ ಮುಗೀತು. ಸವಲತ್ತಿನ ಗೆರೆ ಇರೋದು 40 ಪರ್ಸೆಂಟಿಗೆ. ಮಾತು ಹೋಗಿರೋದನ್ನ ಯಾರೂ ಅಳೆದೇ ಇಲ್ಲ.

ಎರಡು ಊನ ಇದ್ರೆ ಸುಮ್ಮನೆ ಕೂಡಿಸೋದಲ್ಲ, ಅದಕ್ಕೊಂದು ಸೂತ್ರ ಇದೆ. ದೊಡ್ಡ ಅಂಕಿಯನ್ನ 90ರಿಂದ ಕಳೀರಿ, ಬಂದಿದ್ದನ್ನ ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸಿ. ಕೈಕಾಲಿಗೆ 30, ಮಾತಿಗೆ 20 ಸಿಕ್ಕಿದೆ ಅನ್ಕೊಳ್ಳಿ. 90ರಲ್ಲಿ 30 ಹೋದ್ರೆ 60. ಇಪ್ಪತ್ತರಿಂದ ಗುಣಿಸಿದ್ರೆ 1200, ತೊಂಬತ್ತರಿಂದ ಭಾಗಿಸಿದ್ರೆ 13.3. ಒಟ್ಟು 43. ಗೆರೆ ದಾಟಿತು. ಅದೇ 25 ಮತ್ತು 15 ಆದ್ರೆ? ಬಾಯಿಲೆಕ್ಕದಲ್ಲಿ ನಲವತ್ತು ಆಗುತ್ತೆ, ಸೂತ್ರದಲ್ಲಿ ಬರೋದು 36. 'ಎರಡೂ ಸೇರಿದ್ರೆ 40 ಆಗುತ್ತಲ್ಲ ಸಾರ್' ಅಂತ ಮೇಲ್ಮನವಿಯಲ್ಲಿ ಬರೆದ್ರೆ ಅದು ನಿಲ್ಲಲ್ಲ. ಲೆಕ್ಕ ಮೊದಲೇ ಮಾಡ್ಕೊಂಡು ಹೋಗಿ.

ಈಗ ಮೊದಲು ಹೇಳಿದ ಆ ಕಾರಣದ ಸಾಲಿಗೆ ಬರೋಣ.

'ಇನ್ನೂ ಸುಧಾರಿಸುವ ಸಾಧ್ಯತೆ ಇದೆ' ಅಂತ ಇದ್ರೆ, ಬೇಗ ಹೋಗಿದ್ದೀರಿ ಅಂತ ಅರ್ಥ. ಮೆದುಳಿನ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೇ ಅಳತೆ ಮಾಡ್ತಾರೆ. ಎರಡನೇ ತಿಂಗಳಲ್ಲಿ ಹೋಗಿ ರಿಜೆಕ್ಟ್ ಆಗಿದ್ರೆ ಮೇಲ್ಮನವಿಗಿಂತ ಹೊಸ ಅರ್ಜಿಯೇ ಮೇಲು. ಆರು ತಿಂಗಳು ದಾಟಿದ ಮೇಲೂ ಇದೇ ಕಾರಣ ಬರೆದಿದ್ರೆ, ಸುಧಾರಣೆ ನಿಂತಿದೆ ಅಂತ ಕಾಗದದಲ್ಲಿ ತೋರಿಸಬೇಕು. ಹೇಗೆ? ಒಬ್ಬರೇ ಫಿಸಿಯೊಥೆರಪಿಸ್ಟ್ ಹತ್ರ, ಮೂರು ತಿಂಗಳ ಅಂತರದಲ್ಲಿ ಎರಡು ಸಲ, ಒಂದೇ ಅಳತೆಗಳನ್ನ ಬರೆಸಿ. ಸ್ನಾಯುಬಲ ಸೊನ್ನೆಯಿಂದ ಐದರ ಮಾಪನದಲ್ಲಿ, ಕೀಲು ಕೀಲಿಗೂ ಬೇರೆ ಬೇರೆ. ಬಿಗಿತ ಎಷ್ಟು ಅನ್ನೋದು ಆಶ್‌ವರ್ತ್ ಮಾಪನದಲ್ಲಿ. ದಿನನಿತ್ಯದ ಕೆಲಸಕ್ಕೆ ಬಾರ್ಥೆಲ್ ಸೂಚ್ಯಂಕ, ಅದು ನೂರಕ್ಕೆ. ಎರಡೂ ಹಾಳೆಯಲ್ಲಿ ಅಂಕಿ ಒಂದೇ ಇದ್ರೆ ಅದೇ ಪುರಾವೆ. 'ರೋಗಿಗೆ ತುಂಬಾ ತೊಂದರೆ ಇದೆ' ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬಂದ್ರೆ ಮೂರುಕಾಸಿನ ಪ್ರಯೋಜನ ಇಲ್ಲ.

'40ಕ್ಕಿಂತ ಕಡಿಮೆ' ಅಂತ ಇದ್ರೆ, ಸಾಮಾನ್ಯವಾಗಿ ಡಿಸ್ಚಾರ್ಜ್ ಸಾರಾಂಶವೇ ನಿಮಗೆ ತಿರುಗಿ ಬಿದ್ದಿರುತ್ತೆ. ಅದರಲ್ಲಿ 'ಬಲ 4/5, ಸುಧಾರಿಸುತ್ತಿದೆ' ಅಂತ ಇರುತ್ತೆ. ನಾಲ್ಕು ಅಂದ್ರೆ ಒಳ್ಳೇ ಅಂಕವೇ. ಆದರೆ ಅದು ತೋಳು ಎತ್ತೋ ಬಲ. ಬೆರಳಿನ ನಾಜೂಕು ಕೆಲಸ ಅದರಲ್ಲಿ ಕಾಣಲ್ಲ.

ಇಲ್ಲಿ ಕ್ಯಾಮೆರಾ ಹತ್ತಿರ ತಂದಿದ್ದೀವಿ, ಕೈ ನೋಡಿ. ಭುಜ ಏಳುತ್ತೆ, ಮೊಣಕೈ ಮಡಚುತ್ತೆ, ಮುಷ್ಟಿ ಕೂಡ ಕಟ್ಟುತ್ತೆ. ಈಗ ಅಂಗಿ ಗುಂಡಿ. ಹೆಬ್ಬೆರಳು, ತೋರುಬೆರಳು ಗುಂಡಿ ಹತ್ರ ಹೋಗ್ತವೆ, ಆದರೆ ಎರಡರ ತುದಿ ಒಂದಕ್ಕೊಂದು ಸೇರಲ್ಲ. ಗುಂಡಿ ಜಾರುತ್ತೆ. ಮುಷ್ಟಿ ಕಟ್ಟಿದ್ದು ಬಿಚ್ಚೋಕೆ ಇನ್ನೊಂದು ಕೈ ಬೇಕು. ಈ ಕೈಯಲ್ಲಿ ಅಡಿಕೆ ಸುಲಿಯೋಕಾಗಲ್ಲ: ಮೆಟ್ಟುಕತ್ತಿ ಮುಂದೆ ಕೂತರೆ ಒಂದು ಕೈ ಕಾಯಿ ಒತ್ತಬೇಕು, ಇನ್ನೊಂದು ಸಿಪ್ಪೆ ಎಳೀಬೇಕು, ಲಯ ತಪ್ಪಿದ್ರೆ ಬೆರಳೇ ಹೋಗುತ್ತೆ. ಮಂಡಳಿ ಮುಂದೆ ಅಡಿಕೆ ಸುಲಿಯೋ ಕಥೆಗೆ ಅಂಕ ಇಲ್ಲ, ನಿಜ. ಅದೇ ಸಂಗತಿಯನ್ನ 'ಬೆರಳ ತುದಿಯ ಹಿಡಿತ ಇಲ್ಲ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ, ರೂಢಿಯ ಕೈ ಬಲಗೈ' ಅಂತ ನರರೋಗ ತಜ್ಞರ ಹತ್ರ ಬರೆಸಿದ್ರೆ ಅದಕ್ಕೆ ಬೆಲೆ ಇದೆ. ಯಾವ ಕೈ ರೂಢಿಯ ಕೈ ಅನ್ನೋದನ್ನ ಮರೀಬೇಡಿ, ಎಷ್ಟೋ ವರದಿಗಳಲ್ಲಿ ಅದು ಇರೋದೇ ಇಲ್ಲ.

ಪರೀಕ್ಷೆಯ ದಿನದ ಬಗ್ಗೆ ಒಂದು ಮಾತು. ನಮ್ಮ ಕಡೆಯವರ ಮರ್ಯಾದೆಯೇ ನಮಗೆ ಮುಳುವು. ಡಾಕ್ಟರು 'ಹೇಗಿದ್ದೀರಿ?' ಅಂದ್ರೆ 'ಅಡ್ಡಿಲ್ಲ ಸ್ವಾಮಿ' ಅಂತಾರೆ. 'ನಡೆದು ತೋರಿಸಿ' ಅಂದ್ರೆ ಹಲ್ಲುಕಚ್ಚಿ, ಊರುಗೋಲು ಬಿಟ್ಟು, ನಾಲ್ಕು ಹೆಜ್ಜೆ ಚೆಂದ ಹಾಕ್ತಾರೆ. ನಾಟಕ ಮಾಡಿ ಅಂತ ಹೇಳ್ತಿಲ್ಲ. ದಿನಾ ಹೇಗೆ ನಡೀತೀರೋ ಹಾಗೇ ನಡೀರಿ, ಕೋಲು ಹಿಡಿಯೋರು ಹಿಡ್ಕೊಂಡೇ, ಕಾಲಿಗೆ ಪಟ್ಟಿ ಹಾಕೋರು ಹಾಕ್ಕೊಂಡೇ. ಮಾತು ಹೋಗಿರೋರ ಜೊತೆ ಬಂದ ಮಗನೋ ಸೊಸೆಯೋ ಎಲ್ಲ ಪ್ರಶ್ನೆಗೂ ತಾವೇ ಉತ್ತರ ಕೊಡ್ತಾರೆ. ದಯವಿಟ್ಟು ಸುಮ್ಮನಿರಿ. ಅವರು ತಡವರಿಸೋದು, 'ಚಮಚ' ಅನ್ನೋಕೆ 'ಬಾಗಿಲು' ಅನ್ನೋದು ಡಾಕ್ಟರ ಕಿವಿಗೆ ಬೀಳಬೇಕು. ಅಫೇಸಿಯಾ ಅಳೆಯೋ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಪರೀಕ್ಷೆ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು, ಶಿವಮೊಗ್ಗದಿಂದ ನೇರ ರೈಲು ಇದೆ. ಕನ್ನಡ ಮಾತಾಡೋರಿಗೆ ಇಂಗ್ಲಿಷ್ ಪ್ರಶ್ನೆಪಟ್ಟಿ ಇಟ್ಟು ಅಳೆದಿದ್ರೆ ಅದನ್ನೇ ಮೇಲ್ಮನವಿಯಲ್ಲಿ ಎತ್ತಿ.

ಕಾಗದ ಕೂಡಿಸೋದು ಹೇಗೆ ನೋಡಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ರೋಗಿ ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮ ಇದೆ. ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಮೂರು ವರ್ಷ, ಹಾಗಾಗಿ ತಡ ಮಾಡಬೇಡಿ. ಸಿಟಿ ಅಥವಾ ಎಂಆರ್‌ಐ ವರದಿ ಬೇಕು, ಫಿಲ್ಮ್ ಮಾತ್ರ ಸಾಲದು. ಅಟ್ಟದ ಮೇಲೆ ಇಟ್ಟ ಫಿಲ್ಮು ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿ ಹಾಳಾಗುತ್ತೆ, ಅದೂ ಗೊತ್ತಿರಲಿ. ಮಂಡಳಿಯವರು ಬರೆದ ಪರೀಕ್ಷಾ ಹಾಳೆ, ಅಂದ್ರೆ ಯಾವ ಅಂಗಕ್ಕೆ ಎಷ್ಟು ಅಂಕ ಕೊಟ್ಟರು ಅನ್ನೋದು, ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡು ಇದ್ರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು.

ತಿರಸ್ಕಾರ ಪತ್ರವನ್ನೇ ಕೊಟ್ಟಿಲ್ಲ, ಬಾಯಲ್ಲಿ 'ಆಗಲ್ಲ' ಅಂದು ಕಳಿಸಿದ್ರು ಅನ್ನೋರೂ ಇದ್ದಾರೆ. ಕಾರಣವನ್ನ ಲಿಖಿತವಾಗಿ ಕೊಡಬೇಕು ಅಂತ 2017ರ ನಿಯಮಗಳಲ್ಲೇ ಇದೆ. ಆಗ ಒಂದು ತಿಂಗಳಿದ್ದ ಗಡುವನ್ನ 2024ರ ತಿದ್ದುಪಡಿಯಲ್ಲಿ ಮೂರು ತಿಂಗಳು ಮಾಡಿದ್ದಾರೆ. ಲಿಖಿತ ಕಾರಣ ಕೇಳಿ ಒಂದು ಪತ್ರ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸ್ಕೊಳ್ಳಿ. ಸೀಲು ಹಾಕೋಕೆ ಗೊಣಗಿದ್ರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಮಾತೇ ಬೇಡ.

ಮೇಲ್ಮನವಿ ಒಂದು ಪುಟ ಸಾಕು. ವಿಷಯ ಅನ್ನೋ ಕಡೆ 'ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 59ರ ಅಡಿ ಮೇಲ್ಮನವಿ' ಅಂತ ಬರೀರಿ. ಅರ್ಜಿ ಸಂಖ್ಯೆ, ಪರೀಕ್ಷೆಯ ದಿನ, ಅವರು ಕೊಟ್ಟ ಕಾರಣ ಅವರದೇ ಪದಗಳಲ್ಲಿ. ಅದರ ಕೆಳಗೆ ನಿಮ್ಮ ಉತ್ತರ: ಈ ಅಂಗ ಅಳೆದಿಲ್ಲ, ಈ ವರದಿ ನೋಡಿಲ್ಲ, ಇದು ಅನುಬಂಧ ಇಷ್ಟನೇದು. ಕೊನೆಗೆ ಕೋರಿಕೆ: ನರರೋಗ ತಜ್ಞರು ಮತ್ತು ವಾಕ್ ತಜ್ಞರು ಇರುವ ಮಂಡಳಿಯಿಂದ ಮರುಪರೀಕ್ಷೆ. ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕು ಅನ್ನೋದನ್ನ ಗೊತ್ತುಮಾಡೋದು ರಾಜ್ಯ ಸರ್ಕಾರ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪಂಚಾಯ್ತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಈ ದಾರಿ ಗೊತ್ತಿರುತ್ತೆ, ಅವರು ಇರೋದೇ ಇದಕ್ಕೆ. ಸಹಿ ಮಾಡೋ ಕೈಯೇ ಬಿದ್ದಿದ್ರೆ ಹೆಬ್ಬೆಟ್ಟು ಒತ್ತಿಸಿ, ಇಬ್ಬರು ಸಾಕ್ಷಿ ಹಾಕಿಸಿ. ಬ್ಯಾಂಕಿನಲ್ಲೂ ಇದೇ ಬದಲಾವಣೆ ಮಾಡಿಸಿಡಿ, ಇಲ್ಲಾಂದ್ರೆ ನಾಳೆ ದುಡ್ಡು ಬಂದ ಮೇಲೆ ಹಳೇ ಸಹಿ ಹೊಂದಿಕೆ ಆಗಲ್ಲ ಅಂತ ಅಲ್ಲಿ ನಿಲ್ಲಿಸ್ತಾರೆ.

'ಪರ್ಸೆಂಟೇಜ್ ಏರಿಸಿ ಕೊಡ್ತೀವಿ, ಇಷ್ಟು ಕೊಡಿ' ಅನ್ನೋ ಏಜೆಂಟರು ಬಸ್‌ಸ್ಟ್ಯಾಂಡಿನಲ್ಲೇ ಸಿಕ್ತಾರೆ. ಮೋಸದಿಂದ ಸವಲತ್ತು ಪಡೆದ್ರೆ ಇದೇ ಕಾಯ್ದೆಯ ಕಲಂ 91ರಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಸಿಕ್ಕಿಬೀಳೋದು ಏಜೆಂಟ್ ಅಲ್ಲ, ಕಾರ್ಡಿನಲ್ಲಿ ಹೆಸರಿರೋರು.

ಇನ್ನು ಎರಡನೇ ಬಾಗಿಲು, ಮಾಸಾಶನ. ಕಾರ್ಡು ಕೈಗೆ ಬಂದಿದೆ, 40 ದಾಟಿದೆ, ಆದರೂ ನಾಡಕಚೇರಿಯಲ್ಲಿ ಅರ್ಜಿ ತಿರಸ್ಕಾರ ಆಯ್ತು. ಇಲ್ಲಿ ಕಾರಣಗಳು ಹೆಚ್ಚಾಗಿ ಲೆಕ್ಕಪತ್ರದವು. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಒಳಗಿರಬೇಕು. ಹಳೇ ಆದಾಯ ಪ್ರಮಾಣಪತ್ರದಲ್ಲಿ ಲಕ್ವ ಹೊಡೆಯೋ ಮೊದಲಿನ ದುಡಿಮೆ ಬರೆದಿರುತ್ತೆ, ಹೊಸದು ಮಾಡಿಸಿ. ವೃದ್ಧಾಪ್ಯ ವೇತನವೋ ವಿಧವಾ ವೇತನವೋ ಬರ್ತಾ ಇದ್ರೆ ಅದರ ಜೊತೆ ಇದು ಸಿಗಲ್ಲ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಇದಂತೂ ಮನೆಮನೆ ಕಥೆ. ಮಂಜೂರಾಗಿಯೂ ದುಡ್ಡು ಬರದಿದ್ರೆ ಖಾತೆಗೆ ಆಧಾರ್ ಜೋಡಣೆ ಆಗಿದ್ಯಾ ಅಂತ ಬ್ಯಾಂಕಲ್ಲಿ ಕೇಳಿ, ತಹಶೀಲ್ದಾರರನ್ನಲ್ಲ.

ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕು ಅನ್ನೋ ಕಾನೂನು) ಸಂಖ್ಯೆ ಸಿಗುತ್ತೆ, ಆ ಚೀಟಿ ಕಳೀಬೇಡಿ. ತಿರಸ್ಕಾರ ಆದ ದಿನದಿಂದ, ಅಥವಾ ಗಡುವು ಮುಗಿದ ದಿನದಿಂದ, 30 ದಿನದೊಳಗೆ ಸಕಾಲದಡಿ ಮೊದಲ ಮೇಲ್ಮನವಿ ಹಾಕಬೇಕು. ತಹಶೀಲ್ದಾರರ ಮೇಲಿರೋರು ಉಪವಿಭಾಗಾಧಿಕಾರಿ. ಸಾಗರ, ಹೊಸನಗರ, ಸೊರಬ, ಶಿಕಾರಿಪುರದವರಿಗೆ ಆ ಕಚೇರಿ ಸಾಗರದಲ್ಲಿದೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ಹೊಸನಗರ ತಾಲ್ಲೂಕಿನ ನಿಟ್ಟೂರಿನವರು ಶಿವಮೊಗ್ಗದವರೆಗೂ ಹೋಗಿ ಬರೀಗೈಯಲ್ಲಿ ವಾಪಸ್ ಬರೋದು ಬೇಡ ಅಂತ ಹೇಳ್ತಿದ್ದೀವಿ.

ಎರಡೂ ಕಡೆ ದಾರಿ ಮುಚ್ಚಿದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ವಿಕಲಚೇತನರಿಗೆ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100. ಬೆಂಗಳೂರಿನಲ್ಲಿರೋ ರಾಜ್ಯ ಅಂಗವಿಕಲರ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು.

ಮರುಪರೀಕ್ಷೆಯಲ್ಲಿ ಗೆದ್ದರೂ ಕಾರ್ಡಿನ ಮೇಲೆ 'ತಾತ್ಕಾಲಿಕ' ಅಂತ ಇದ್ಯಾ ನೋಡಿ, ಲಕ್ವದ ಪ್ರಕರಣಗಳಲ್ಲಿ ಹಾಗೆ ಕೊಡೋದು ಜಾಸ್ತಿ. ಇದ್ರೆ ಕೊನೇ ದಿನಾಂಕವನ್ನ ಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಮೂರು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ. ಅವಧಿ ಮುಗಿದ ಕಾರ್ಡಿಗೆ ಮಾಸಾಶನ ನಿಂತ್ರೆ, ಅದನ್ನ ಮತ್ತೆ ಶುರು ಮಾಡಿಸೋಕೆ ನಾಡಕಚೇರಿಯಿಂದಲೇ ಓಡಾಟ ಶುರುವಾಗುತ್ತೆ.