ಬೆಲ್ಟಿನ ಹಳೆಯ ತೂತು

ಎಲ್ಲರಿಗೂ ನಮಸ್ಕಾರ.

ಬೆಲ್ಟ್ ಹಾಕಿಕೊಂಡು ಬಂದವರು ಒಮ್ಮೆ ಬಗ್ಗಿ ನೋಡಿಕೊಳ್ಳಿ. ಈಗ ಹಾಕುವ ತೂತಿನ ಪಕ್ಕ ಇನ್ನೊಂದು ತೂತು ಇರಬಹುದು. ಹಿಗ್ಗಿ ಉದ್ದವಾಗಿರುತ್ತದೆ, ಅದರ ಮೇಲೆ ಬಕಲ್ ಒತ್ತಿದ ಗೆರೆಯೂ ಇರುತ್ತದೆ. ಅದು ನಿಮ್ಮ ಹಳೆಯ ಸೊಂಟ. ಅಲ್ಲಿಂದ ಇಲ್ಲಿಗೆ ಬಂದಿದ್ದು ಯಾವತ್ತು? ನನಗಂತೂ ನೆನಪಿಲ್ಲ.

ಬೊಜ್ಜಿನ ತೊಂದರೆಯೇ ಇದು. ಜ್ವರ ಬಂದ ದಿನ ಗೊತ್ತಾಗುತ್ತದೆ, ಬೊಜ್ಜು ಬಂದ ದಿನ ಗೊತ್ತಾಗುವುದಿಲ್ಲ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಾ ಒಂದು ಲೋಟ ಸಿಹಿ ಪಾನೀಯ ಜಾಸ್ತಿ ಕುಡಿದರೆ ನೂರು ಕ್ಯಾಲರಿ ಒಳಗೆ ಹೋಯಿತು. ಎರಡೂವರೆ ತಿಂಗಳಿಗೆ ಒಂದು ಕಿಲೋ! ಇದು ಕಾಗದದ ಲೆಕ್ಕ. ದೇಹ ದಪ್ಪಗಾದಂತೆ ಅದರ ಖರ್ಚೂ ಏರುತ್ತದೆ, ಹಾಗಾಗಿ ತೂಕ ಅಷ್ಟು ನೆಟ್ಟಗೆ ಮೇಲೆ ಹೋಗುವುದಿಲ್ಲ. ಆದರೆ ದಾರಿ ಮಾತ್ರ ಅದೇ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಬಸ್ ಸಿಬ್ಬಂದಿಯನ್ನು ಗಮನಿಸಿದರು. ಡ್ರೈವರ್ ಇಡೀ ಪಾಳಿ ಕೂತೇ ಇರುತ್ತಾನೆ. ಕಂಡಕ್ಟರ್ ಡಬಲ್ ಡೆಕ್ಕರ್‌ನ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಾನೆ. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದರು. ನನಗೆ ಇಷ್ಟವಾದದ್ದು 1956ರ ಕೆಲಸ. ಮಾರಿಸ್ ಮತ್ತು ಜೊತೆಯವರು ಈ ಸಲ ಸಮವಸ್ತ್ರದ ಪ್ಯಾಂಟಿನ ಅಳತೆಗಳನ್ನೇ ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟ ದಪ್ಪ! ಆದರೆ ಸೀಟಿನಲ್ಲಿ ಇನ್ನೂ ಬಹಳ ವರ್ಷ ಕೂರದ ಚಿಕ್ಕ ವಯಸ್ಸಿನ ಡ್ರೈವರ್‌ಗಳಲ್ಲೂ ಹಾಗೇ ಇತ್ತು. ಅಂದರೆ ಎಲ್ಲ ತಪ್ಪನ್ನೂ ಸೀಟಿನ ತಲೆಗೆ ಕಟ್ಟುವಂತಿಲ್ಲ. ಮೈಕಟ್ಟು, ಮನೆತನ, ಕೆಲವು ಔಷಧಿಗಳು, ಇವಕ್ಕೂ ಪಾಲಿದೆ. ದಪ್ಪಗಿರುವವರನ್ನು ಕಂಡ ಕೂಡಲೇ ಸೋಮಾರಿ ಅನ್ನುವವರು ಈ ಪ್ಯಾಂಟಿನ ಕಥೆಯನ್ನು ಪೂರ್ತಿ ಕೇಳಬೇಕು.

1999ರಲ್ಲಿ ಅಮೆರಿಕದ ಜೇಮ್ಸ್ ಲೆವಿನ್ ತಂಡ 16 ಜನರಿಗೆ ಎಂಟು ವಾರ ದಿನಾ 1,000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿತು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ದಾಟಿತು. ಹೆಚ್ಚಿನ ವ್ಯತ್ಯಾಸ ಬಂದದ್ದು ವ್ಯಾಯಾಮದಿಂದಲ್ಲ. ಎದ್ದು ನಿಲ್ಲುವುದು, ಅತ್ತಿತ್ತ ಓಡಾಡುವುದು, ಕೂತಲ್ಲೇ ಕಾಲು ಅಲ್ಲಾಡಿಸುವುದು, ಇಂಥ ಪುಟ್ಟ ಚಲನೆಗಳಿಂದ. ಚಿಕ್ಕಂದಿನಲ್ಲಿ ‘ಸುಮ್ನೆ ಕೂತ್ಕೋ’ ಅಂತ ಬೈಸಿಕೊಂಡವರು ಈಗ ನಗಬಹುದು.

ಇನ್ನು ಊಟ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ 2019ರ ಪ್ರಯೋಗದಲ್ಲಿ 20 ಜನ ಎರಡು ವಾರ ಕಾರ್ಖಾನೆಯ ಪ್ಯಾಕೆಟ್ ತಿಂಡಿ ತಿಂದರು, ಎರಡು ವಾರ ಮಾಮೂಲಿ ಅಡುಗೆ ಉಂಡರು. ಬಡಿಸಿದ್ದರಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು ಎಲ್ಲ ಸಮ. ಬೇಕಾದಷ್ಟು ತಿನ್ನಿ ಅಂತ ಬಿಟ್ಟರು. ಪ್ಯಾಕೆಟ್ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ಹೊಟ್ಟೆಗೆ ಹೋಯಿತು. ತಿನ್ನುವ ವೇಗವೂ ಹೆಚ್ಚಿತ್ತು. ಮೆತ್ತಗಿನ ತಿಂಡಿಯನ್ನು ಅಗಿಯುವ ಕೆಲಸವೇ ಇಲ್ಲ, ಅಲ್ವಾ? ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿ.

ನಿದ್ದೆಯ ಬಗ್ಗೆ ಒಂದೇ ಮಾತು. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ನಿದ್ದೆ ಮಾಡುವ ಅಧಿಕ ತೂಕದವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಮಲಗುವಂತೆ ಮಾಡಿದರು. ಊಟದ ಬಗ್ಗೆ ಏನೂ ಹೇಳಲಿಲ್ಲ. ಆದರೂ ಎಂದಿನಂತೆ ಮಲಗಿದವರಿಗೆ ಹೋಲಿಸಿದರೆ ಅವರು ತಿನ್ನುವುದು ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆಯಾಯಿತು.

ಮೇಜಿನ ಮೇಲೆ ದಾರದ ಉಂಡೆ ಇಟ್ಟಿದ್ದೇನೆ. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿಕೊಳ್ಳಿ, ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಉಸಿರು ಬಿಟ್ಟು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಸುತ್ತಿ ನೋಡಿ. ತುದಿಗಳು ಕೂಡಿದರೆ ಒಳ್ಳೆಯದು, ಕೂಡದಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದೆ ಎಂದರ್ಥ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಹಿಂದಿನ ಸಾಲಿನವರೇ, ನನಗೆ ಕಾಣುತ್ತದೆ.